ಏಳು ಆಣೆ ಖರಾಬು

ಸೊರಬದ ಕಚೇರಿಯ ದಫ್ತರ ಕೋಣೆಗೆ
ಒಂದೇ ಕಿಟಕಿ, ಎದೆಮಟ್ಟಕ್ಕಿಂತ ಕೆಳಗೆ.
ಒಳಗೆ ಕೂತವರಿಗೆ ಸರಿ.
ಹೊರಗಿನವರು ಬಗ್ಗಬೇಕು.
ಯಾವ ದೊರೆಯ ಕಾಲದ್ದೋ. ಅಳತೆ ತಪ್ಪಿದ್ದಲ್ಲ ಅದು,
ನಾನು ಅಳತೆಯವಳು, ಗೊತ್ತಾಗುತ್ತದೆ.

ಕೆಂಪು ರುಮಾಲು ಬಿಚ್ಚಿದರೆ ನಲವತ್ತೇಳರ ಟಿಪ್ಪಣಿ.
ಹಪ್ಪಳದಂಥ ಹಾಳೆ. ಉಸಿರು ಬಿಗಿಹಿಡಿದು ತಿರುಗಿಸಬೇಕು.
ಮೂವತ್ತಮೂರು ಅಡಿಯ ಸರಪಳಿ ಹೊರಿಸಿಕೊಂಡು
ಯಾರೋ ಕಾನಿನ ಅಂಚಿಗೆ ಬಂದಿದ್ದಾನೆ,
ಒಂದು ಕಡೆ ಗೆರೆ ನಡುಗಿದೆ
(ಮುಳ್ಳೋ, ಜಿಗಣೆಯೋ, ಚಳಿಜ್ವರವೋ).
ಗದ್ದೆಗೆ ದರ ಬರೆದ, ಬಾಗಾಯ್ತಿಗೆ ದರ ಬರೆದ,
ದರ ಹತ್ತದ ಕಡೆಗೆಲ್ಲ ಒಂದೇ ಮಾತು:
ಖರಾಬು.

ಸಂತೆಯಲ್ಲಿ ಸತ್ತ ಆಣೆ
ಪಹಣಿಯಲ್ಲಿ ಇನ್ನೂ ಚಲಾವಣೆಯಲ್ಲಿದೆ:
ಎಂಟು ಗುಂಟೆ, ಏಳು ಆಣೆ.

ಮಾಘದ ಬಿಸಿಲಲ್ಲಿ ರೋವರು ಊರಿ ನಿಂತೆ.
ಆಕಾಶದಲ್ಲಿ ಹನ್ನೊಂದು ಉಪಗ್ರಹ,
ನೆಲದಲ್ಲಿ ಬಾಂದುಕಲ್ಲು ಒಂದೂ ಇಲ್ಲ.
ಹಸಲರ ಗುತ್ಯಮ್ಮ ಕತ್ತಿ ಹಿಡಿದು ಬಂದಳು.
'ಕಲ್ಲಾ? ಹುಡುಕಬ್ಯಾಡ. ನಮ್ಮಪ್ಪ ಒಲೆಗುಂಡು ಮಾಡ್ದ.'
ನಗಲಿಲ್ಲ. ಹೇಳಿದಳು, ಅಷ್ಟೆ.

ಆಮೇಲೆ ನನ್ನ ಖರಾಬಿನೊಳಗೆ
ನನ್ನನ್ನೇ ಕರೆದುಕೊಂಡು ಹೋದಳು.
ಇದು ಉಪ್ಪಾಗೆ, ಕಾಯಿ ಬಿಟ್ಟ ವರ್ಷ ಮಕ್ಕಳಿಗೆ ಬಟ್ಟೆ.
ಇದು ಜೇನಿಗೆ ಹತ್ತಿ ಬಿದ್ದ ಭಾವನ ಕಲ್ಲು.
ಇದು ಒಸರು, ಚೈತ್ರದಲ್ಲೂ ಎಮ್ಮೆ ಹೊರಳುವ ಕೆಸರು.
ಇದು ನನ್ನ ಮನೆ, ತಲೆ ತಗ್ಗಿಸಿ ಬಾ,
(ಬಾಗಿಲು ಗಿಡ್ಡ. ಬಗ್ಗಿದೆ.
ಈ ಬಗ್ಗುವುದು ಬೇರೆ.)
'ಆ ಮೂಲೆಗೆ ಏನು ಹೆಸರು?'
'ಅದ್ಕೆ ಹೆಸ್ರು ಹೇಳಂಗಿಲ್ಲ. ಕೈ ಮುಗೀಬೇಕು.'

ಅದರಾಚೆ ಅಕೇಶಿಯಾ, ಎರಡು ಮೀಟರಿಗೊಂದು,
ಗುಬ್ಬಿ ಕೂಡ ಕೂರದ ಸಾಲು.
ಅದಕ್ಕೆ ದರ ಇದೆ, ಖರಾಬಲ್ಲ.

ಟ್ಯಾಬಿನಲ್ಲಿ ಕೇಳುತ್ತದೆ: ಅ ಖರಾಬೋ, ಬ ಖರಾಬೋ?
ಮೂರನೆಯ ಅಕ್ಷರ ಇಲ್ಲ.
ಬೆರಳು ಸ್ವಲ್ಪ ಹೊತ್ತು ಗಾಜಿನ ಮೇಲೆ ನಿಂತಿತ್ತು.
ಒತ್ತಿದೆ.
ಯಂತ್ರ ಕುಂಯ್ ಅಂದಿತು, ಎರಡು ಸೆಂಟಿಮೀಟರು ನಿಖರ.

'ಏನು ಬರ್ದೆ?' ಕೇಳಿದಳು.
ಆ ಪದ ಬಾಯಿಗೆ ಬರಲಿಲ್ಲ.
'ಎಂಟು ಗುಂಟೆ, ಏಳು ಆಣೆ' ಅಂದೆ.

ಈಗ ನಕ್ಕಳು, ಎಲೆಯಡಿಕೆಯ ಕೆಂಪು ಬಾಯಿ ತುಂಬ:
'ಏಳಾಣೆಯಾ!
ಅಷ್ಟಕ್ಕೆ ನಮ್ಮಪ್ಪ
ಸಿದ್ದಾಪುರದ ಸಂತೇಲಿ ಉಪ್ಪು ತರ್ತಿದ್ದ.'