ಅರ್ಧ ಗುಳಿಗೆ

ಗುಂಡಿ ಅಂತ ಹೆಸರಿಟ್ಟವಳು ನಾನೇ.
ಪ್ಯಾಂಟಿಗೆ ಹೊಡೆಯೋ ಹಿತ್ತಾಳೆ ಗುಂಡಿಯಂಥ ಕಣ್ಣು.
ಕೌಲ್‌ಬಜಾರಿನ ನಮ್ಮ ಶೆಡ್ಡಿನ ಮೂಲೆಯಲ್ಲಿ
ಜೀನ್ಸಿನ ಚೂರುಗಳ ಮೇಲೆ ಮಲಗಿ ಬೆಳೆದದ್ದು.

ಹಗಲು ಮಷಿನ್ ಸದ್ದಿನಲ್ಲಿ ಕೇಳದು,
ರಾತ್ರಿ ಕೇಳುತ್ತೆ, ಪರ ಪರ ಪರ.
ಹೊಟ್ಟೆಯ ಕೂದಲು ಉದುರಿ
ಬೇಯಿಸಿದ ಗೆಣಸಿನ ಬಣ್ಣ.
ಬೇವಿನೆಣ್ಣೆ ಸವರಿದೆ, ನೆಕ್ಕಿಬಿಟ್ಟಿತು.
ಅರಿಶಿಣ ಬಳಿದೆ,
'ಮದುಮಗ ಬಂದ್ನೋ' ಅಂದವು ಓಣಿಯ ಹುಡುಗರು.

ದನದ ಆಸ್ಪತ್ರೆಯಲ್ಲಿ ಎರಡು ಎಮ್ಮೆಗಳ ಹಿಂದೆ ನಮ್ಮ ಪಾಳಿ.
ಚೀಟಿಯಲ್ಲಿ ಮೇಲೆ ಗುಂಡಿ, ಕೆಳಗೆ ಹೊನ್ನೂರಮ್ಮ.
ಐದು ದಿನ ಒಂದೊಂದು ಗುಳಿಗೆ, ಆಮೇಲೆ ಅರ್ಧ,
ಆಮೇಲೆ ದಿನ ಬಿಟ್ಟು ದಿನ.
"ತುರಿಕೆ ನಿಂತಿತು ಅಂತ ತಟ್ಟನೆ ಬಿಡಬೇಡಮ್ಮ.
ನೀರು ಜಾಸ್ತಿ ಕುಡಿಯುತ್ತೆ, ಬೈಬೇಡ.
ಮಲಗೋದು ಯಾವುದರ ಮೇಲೆ?"
ಹೇಳಿದೆ.
"ಆ ನೀಲಿ ಚಿಂದಿ ಮೊದಲು ತೆಗೆ."
ಚೀಟಿ ಇಸಕೊಳ್ಳುವಾಗ ಡಾಕ್ಟರು ನನ್ನ ಮಣಿಕಟ್ಟು ನೋಡಿದರು.
ಸೆರಗಿನೊಳಗೆ ಎಳೆದುಕೊಂಡೆ.

ರೊಟ್ಟಿಯಲ್ಲಿಟ್ಟರೆ ರೊಟ್ಟಿ ತಿಂದು ಗುಳಿಗೆ ಉಗುಳುತ್ತೆ,
ಶೇಂಗಾ ಹಿಂಡಿಯ ಉಂಡೆಯಲ್ಲಾದರೆ ಗುಟುಕ್.
ನೂಲು ಕತ್ತರಿಸೋ ಕತ್ತರಿಯಲ್ಲೇ ಗುಳಿಗೆ ಸೀಳುತ್ತೇನೆ,
ಒಂದು ದಿನವೂ ಸರಿ ಅರ್ಧ ಆಗಿಲ್ಲ.
ದೊಡ್ಡ ಚೂರು ಇವತ್ತಿಗೋ ನಾಡಿದ್ದಿಗೋ,
ಅದೇ ಯೋಚನೆ.

ಹದಿನಾಲ್ಕನೇ ರಾತ್ರಿ.
ನನ್ನ ಹಳೆ ಹತ್ತಿ ಸೀರೆಯ ಮೇಲೆ
ನಾಲ್ಕೂ ಕಾಲು ಚಾಚಿ ಗೊರಕೆ.
ಹೊಟ್ಟೆಯ ಮೇಲೆ ಎಳೇ ನವಿರು.
ಆದರೂ ಕತ್ತಲಲ್ಲಿ ಪರ ಪರ.
ಎದ್ದು ಕೂತು ನೋಡಿದರೆ
ನನ್ನದೇ ಕೈ.

ಗುಂಡಿ ಒಂದು ಕಣ್ಣು ತೆರೆದು
ಬಾಲವನ್ನು ನೆಲಕ್ಕೆ ಎರಡು ಸಲ ಬಡಿದು
ಮತ್ತೆ ಮಲಗಿತು.
ಏಳು ಗಂಟೆಗೆ ಶೆಡ್ಡು ತೆಗೆಯುತ್ತಾರೆ.