ಬೀಗದ ನಾಲಗೆ

ಲುಂಡ್‌ಕ್ವಿಸ್ಟ್ ಮಿಸ್‌ಗೆ ಜ್ವರ. ಅವರ ಬದಲಿಗೆ ನಾನು,
ಪಿಯೋರಿಯಾದ ಎರಡನೇ ಕ್ಲಾಸಿಗೆ, ಒಂದು ದಿನದ ಮಟ್ಟಿಗೆ.
ಮೇಜಿನ ಮೇಲೆ ಹಳದಿ ಫೈಲು, ದುಂಡನೆಯ ಅಕ್ಷರ:
ಓವನ್‌ಗೆ ಕಡಲೆಕಾಯಿ ಆಗದು.
ಟೆರೆನ್ಸ್‌ನನ್ನು ಕಿಟಕಿಯ ಪಕ್ಕ ಕೂರಿಸಬೇಡಿ, ಅಳಿಲು ಎಣಿಸುತ್ತಾನೆ.
ಹತ್ತು ಇಪ್ಪತ್ತಕ್ಕೆ ಡ್ರಿಲ್.
ಬದಲಿಯವರಿಗೆ ಬೀಗದ ಕೈ ಕೊಡುವುದಿಲ್ಲ, ಕ್ಷಮಿಸಿ.
ಬಾಗಿಲಿಗೆ ಸದಾ ಬೀಗ ತಿರುಗಿಸಿಯೇ ಇರುತ್ತದೆ;
ಚೌಕಟ್ಟಿನ ತೂತಿಗೆ ಅಂಟಿಸಿದ ಅಯಸ್ಕಾಂತದ ಪಟ್ಟಿ
ಅದರ ನಾಲಗೆಯನ್ನು ಒಳಹೋಗಗೊಡದು.
ಕಿತ್ತರೆ ಸಾಕು.

ಕಪಾಟಿನಲ್ಲಿ ಒಂದು ಬಕೆಟ್ಟು, ಬೆಕ್ಕಿನ ಮರಳು,
ಹೊತ್ತು ಹೆಚ್ಚಾದರೆ ಮಕ್ಕಳು ತಡೆಯಲಾರರು ಅಂತ.
ಒಂದು ಡಬ್ಬಿ ಲಾಲಿಪಾಪು,
ಚೀಪುವ ಬಾಯಿ ಮಾತಾಡುವುದಿಲ್ಲ ಅಂತ.

ಸ್ಪೀಕರು ಮೂರು ಸಲ ಹೇಳಿತು.
ಪಟ್ಟಿ ಕಿತ್ತೆ. ಟಕ್.
ದೀಪ ಆರಿಸಿ ಗೋಡೆಗೆ ಕೂರಲು ಹೋದೆ,
‘ಅಲ್ಲಲ್ಲ ಮಿಸ್, ಅಲ್ಲಿ ಗಾಜಿನಿಂದ ಕಾಣುತ್ತೆ’
ಎಂದು ತೋಳು ಹಿಡಿದು ಎಳೆದುಕೊಂಡರು.
ಏಳು ವರ್ಷದವರಿಗೆ ಗೊತ್ತು ಯಾವ ಮೂಲೆ ಕಾಣದ ಮೂಲೆಯೆಂದು.
ಒದ್ದೆ ಕೋಟುಗಳ ವಾಸನೆ, ಕರಗುತ್ತಿರುವ ಹಿಮ,
ಹಲ್ಲಿಗೆ ಹಲ್ಲಿಗೆ ತಾಗುವ ಸಕ್ಕರೆಗುಂಡು.
ಕತ್ತಲಲ್ಲಿ ತಲೆ ಮುಟ್ಟಿ ಮುಟ್ಟಿ ಎಣಿಸಿದೆ.
ಇಪ್ಪತ್ತು.
ಹಾಜರಿಯಲ್ಲಿ ಇಪ್ಪತ್ತೊಂದು ಇತ್ತು.

ಆಗ ಬಾಗಿಲು ತಟ್ಟಿತು,
ಹಿಡಿಗಿಂತ ಒಂದು ಗೇಣು ಕೆಳಗೆ.
‘ಮಿಸ್, ನಾನು ಜೂನಿಪರ್. ಕೈ ತೊಳೆದು ಬಂದೆ.’

ಮೂರನೇ ಪುಟ, ಎರಡು ಗೆರೆ ಎಳೆದು:
ಯಾರು ತಟ್ಟಿದರೂ ತೆರೆಯಬಾರದು. ಹೆಸರು ಹೇಳಿದರೂ. ಅತ್ತರೂ.

ದೀಪ ಹಚ್ಚುವ ಹೊತ್ತಲ್ಲಿ ಮುಂಬಾಗಿಲು ಮುಚ್ಚಿದರೆ
ಅಮ್ಮ ಬೈಯುತ್ತಿದ್ದಳು. ಅದು ನೆನಪಾಯಿತು
ಎಂದು ಬರೆಯುವ ಆಸೆ. ಸುಳ್ಳು.
ಆಗ ಏನೂ ನೆನಪಾಗಲಿಲ್ಲ.
ಟೆರೆನ್ಸ್ ತುಟಿಗೆ ಬೆರಳಿಟ್ಟು ನನ್ನನ್ನೇ ನೋಡುತ್ತಿದ್ದ,
ನಾನೇ ಎಲ್ಲಿ ಅತ್ತುಬಿಡುತ್ತೇನೋ ಎಂಬಂತೆ.
ಮತ್ತೆರಡು ತಟ್ಟು.
ಆಮೇಲೆ ರಬ್ಬರು ಬೂಟುಗಳ ಕೀಚು ಕೀಚು
ಕಾರಿಡಾರಿನುದ್ದ ಸಣ್ಣಗಾಗುತ್ತ.

ಡೆಪ್ಯುಟಿ ಹ್ಯಾಲ್ವರ್ಸನ್ ಹೊರಗಿನಿಂದ ಹಿಡಿ ಅಲುಗಾಡಿಸಿ ನೋಡಿದ.
ಆಮೇಲೆ ತನ್ನ ಕೀಲಿಯಿಂದ ತೆರೆದು ದೀಪ ಹಾಕಿದ.
ಹಾಳೆಯ ಮೇಲೆ ಒಂದು ರೈಟ್ ಗುರುತು.
‘ಬದಲಿಯವರಲ್ಲಿ ಇಷ್ಟು ಚೆನ್ನಾಗಿ ಮಾಡಿದವರು ಕಮ್ಮಿ’ ಎಂದ.
ಒಳ್ಳೆಯ ಮನುಷ್ಯ. ಮೀಸೆಯಲ್ಲಿ ಡೋನಟ್ಟಿನ ಪುಡಿ.

ಲೈಬ್ರರಿಯವರ ಕೈ ಹಿಡಿದು ಜೂನಿಪರ್ ಬಂದಳು.
ಇಡೀ ಡಬ್ಬಿಯನ್ನೇ ಚಾಚಿದೆ.
ತುಂಬಾ ಹೊತ್ತು ಯೋಚಿಸಿ ಹಸಿರು ಆರಿಸಿಕೊಂಡಳು.
‘ಪರವಾಗಿಲ್ಲ ಮಿಸ್,
ಹೋದ ಸಲ ಲುಂಡ್‌ಕ್ವಿಸ್ಟ್ ಮಿಸ್ ತೆರೆದುಬಿಟ್ಟರು.
ಎಲ್ಲರೂ ಇನ್ನೊಂದು ಸಲ ಮಾಡಬೇಕಾಯಿತು.’

ಆಮೇಲೆ ಕಳೆಯುವ ಲೆಕ್ಕ. ಎರಡರಲ್ಲಿ ಏಳು ಹೋಗದಿದ್ದರೆ
ಪಕ್ಕದ ಮನೆಯಿಂದ ಸಾಲ ತರುವುದು ಹೇಗೆ ಎಂದು.
ಯಾರು ಹೊರಹೋದರೂ ಬಾಗಿಲು ಕಚ್ಚಿಕೊಳ್ಳುತ್ತಿತ್ತು.
ಪಟ್ಟಿ ಎಲ್ಲಿಟ್ಟೆನೆಂದು ನಾನು ಹುಡುಕಲಿಲ್ಲ.
ನೀರಿಗೆ ಹೋದವರು, ಪೆನ್ಸಿಲು ತರಹೋದವರು,
ಸುಮ್ಮನೆ ತಟ್ಟಿ ನೋಡಲೆಂದೇ ಹೋದ ಓವನ್,
ಪ್ರತಿ ಸಲವೂ ಎದ್ದು ಓಡಿದೆ,
ಸೀಮೆಸುಣ್ಣದ ಕೈಯಲ್ಲೇ.

ರಾತ್ರಿ ಮನೆಯ ಮೆಟ್ಟಿಲಲ್ಲಿ ಬೀಗದ ಕೈಗೆಂದು ಜೇಬು ತಡಕಿದರೆ
ಗೊಂಚಲಿಗೆ ಅಂಟಿಕೊಂಡು ಬಂತು.
ಬಿಡಿಸಿದೆ. ಮತ್ತೆ ಅಂಟಿತು.
ಇಷ್ಟೇ ಇಷ್ಟು, ಹೆಬ್ಬೆರಳಿನ ಅಗಲ, ಹಗುರ.
ಆಫೀಸಿಗೆ ಫೋನು ಮಾಡಿ ತಿಳಿಸಬೇಕು,
ಸೋಮವಾರ ಆ ಬಾಗಿಲು ತಾನಾಗಿ ತೆರೆಯದು,
ಒಬ್ಬೊಬ್ಬರೂ ತಟ್ಟಬೇಕು, ಒಳಗಿನವರು ಎದ್ದು ಬರಬೇಕು ಎಂದು.

ಇನ್ನೂ ಮಾಡಿಲ್ಲ.