ಕಾಜಾ

ಉಪ್ಪಳದಲ್ಲಿ ಟೈಲರ್ ಲಾದ್ರಣ್ಣನ ಅಂಗಡಿಯ ಮಾಳಿಗೆ.
ಸಂಜೆ ಏಳಕ್ಕೆ ಮಿಶನ್ನುಗಳು ನಿಂತ ಮೇಲೆ
ಕಿಟಿಕಿಗೆ ಪ್ಯಾಂಟು ಬಟ್ಟೆಯ ಥಾನು ಇಳಿಬಿಡುವುದು ನನ್ನ ಕೆಲಸ,
ರಸ್ತೆಯ ಸದ್ದು ಒಳಗೆ ಬರಬಾರದು.
ದುಬಾಯಿಯ ಟೂ-ಇನ್-ವನ್ನಿನ ಕೆಂಪು ಗುಂಡಿ, ಅದರ ಪಕ್ಕದ್ದು,
ಎರಡನ್ನೂ ಒಟ್ಟಿಗೆ ಒತ್ತುವುದೂ ನಾನೇ.
ಕಾಜಾ ಹೊಲಿದು ಪಳಗಿದ ಬೆರಳಲ್ಲವಾ, ಎಂದರು
ಬೊನಿಫಾಸ್ ಮಾಸ್ಟ್ರು.

ಅವರು ಮುಂಬಯಿಯ ಹೋಟೆಲುಗಳಲ್ಲಿ ಹದಿನೆಂಟು ವರ್ಷ
ಊಟ ಮಾಡುವವರ ಬೆನ್ನಿಗೆ ಗಿಟಾರ್ ಬಾರಿಸಿ ಬಂದವರು.
ಐಸ್ ಫ್ಯಾಕ್ಟರಿಯ ಇದಿನಬ್ಬನದು ಕವುಚಿಟ್ಟ ಚಹಾ ಪೆಟ್ಟಿಗೆ,
ಅದಕ್ಕೊಂದು ಕೋಲು, ಒಂದೇ ತಂತಿ,
ಕೋಲು ಬಾಗಿಸಿದಷ್ಟು ಸ್ವರ.
ಸುಣ್ಣ ಬಳಿಯುವ ಐತಪ್ಪ ಹಿಡಿಸೂಡಿಯ ತುದಿ ಸೀಳಿ
ಸೂಟ್‌ಕೇಸಿನ ಮೇಲೆ ಸುತ್ತಿ ಸುತ್ತಿ ಸವರುತ್ತಾನೆ
ಗೋಡೆಗೆ ಎರಡನೇ ಕೈ ಕೊಟ್ಟ ಹಾಗೆ.

ಹಾಡು ಅಮೆರಿಕದ್ದಂತೆ. ಯಾವುದೋ ನಾಟಕಕ್ಕೆಂದು ಕಟ್ಟಿದ್ದು.
ನಾಟಕ ಮೂರೇ ವಾರಕ್ಕೆ ಬಿದ್ದುಹೋಯಿತು,
ಹಾಡು ಮಾತ್ರ ಊರೂರು ತಿರುಗಿತು.
"ಮಾತು ಎಂತದು ಮಾಸ್ಟ್ರೇ?"
"ಬರುತ್ತೇನೆ ಅಂದವ ಬರಲಿಲ್ಲ. ಅಷ್ಟೇ.
ಮಾತು ನಮಗೆ ಬೇಡ."

ಎಂಟು ಪಟ್ಟಿ. ಅದೇ ಎಂಟು ಇನ್ನೊಮ್ಮೆ.
ಆಮೇಲೆ ಬೇರೆ ಕಡೆಗೆ ಕರಕೊಂಡು ಹೋಗುವ ಎಂಟು,
ಅದಕ್ಕೆ ಆ ಜನ ಸೇತುವೆ ಅನ್ನುತ್ತಾರಂತೆ.
ಸೇತುವೆ ಅಲ್ಲ, ಸಂಕ, ಅಂದ ಐತಪ್ಪ:
ಎರಡು ತೆಂಗಿನ ಮರ ಅಡ್ಡ ಹಾಕಿದ್ದು, ಹಿಡಿಯಲು ಏನೂ ಇಲ್ಲದ್ದು.
ದಾಟಿದರೆ ಮೊದಲಿನ ಮನೆಯೇ ಸಿಗುತ್ತದೆ,
ಕಾಲು ಮಾತ್ರ ಒದ್ದೆ.

ಮೊದಲ ಸುತ್ತು ನೇರ. ಯಾರೂ ಗುನುಗಬಹುದು.
ಎರಡನೆಯದರಲ್ಲಿ ಹಾಡೇ ಕಾಣುವುದಿಲ್ಲ.
ನನಗೆ ಗಾಬರಿ, ಅಳತೆ ತಪ್ಪಿತೇ ಎಂದು.
ಕಣ್ಣು ಮುಚ್ಚಿ ಎಣಿಸಿದೆ.
ಅಳತೆ ಅದೇ ಉಂಟು, ಬಟ್ಟೆ ಬೇರೆ.

ಮೂರನೆಯ ಸುತ್ತಿಗೆ ಮಂಗಳೂರು ಕಡೆಯ ಗಾಡಿ ಕೂಗಿತು.
ಗುಂಡಿ ಬಿಡಿಸಲು ಹೋದೆ. ಬೇಡ, ಎಂದು ಮಾಸ್ಟ್ರ ಹುಬ್ಬು.
ಆ ಕೂಗಿನ ಸ್ವರಕ್ಕೇ ಬಂದು ನಿಂತು
ಇದಿನಬ್ಬನನ್ನು ನೋಡಿದರು. ಇದಿನಬ್ಬ ಕೋಲು ಬಾಗಿಸಿದ.
ಗಾಡಿ ದಾಟುವವರೆಗೂ
ನಾಲ್ವರು ಬಾರಿಸಿದರು.

ಉಪ್ಪಳಕ್ಕೆ ಇದು ಹೊಸತೂ ಅಲ್ಲ.
ತುಳುವಿನಲ್ಲಿ ಶುರುವಾದ ಬಂಗುಡೆಯ ಕ್ರಯ
ಬ್ಯಾರಿಯಲ್ಲಿ ಏರಿ, ಉರ್ದುವಿನಲ್ಲಿ ಇಳಿದು,
ಮಲಯಾಳದಲ್ಲಿ ಚಿಲ್ಲರೆ ಎಣಿಸಿಕೊಂಡು
ಮನೆಗೆ ಬಂದು ಕನ್ನಡದಲ್ಲಿ ಲೆಕ್ಕ ಬರೆಯುತ್ತಿದ್ದೆ.
ಬಂಗುಡೆ ಬಂಗುಡೆಯೇ.

ಬಿ ಬದಿಗೆ ತಡವಾಯಿತು.
ಐಸ್ ಫ್ಯಾಕ್ಟರಿಯವರು ಇದಿನಬ್ಬನನ್ನು ರಾತ್ರಿ ಪಾಳಿಗೆ ಹಾಕಿದರು.
ಐತಪ್ಪ ಏಣಿಯಿಂದ ಜಾರಿ ಬಲಗೈ ಮುರಿದುಕೊಂಡ.
ಒಂದು ಸೋಮವಾರ ಮಾಸ್ಟ್ರು ಒಬ್ಬರೇ ಮೆಟ್ಟಿಲು ಹತ್ತಿ ಬಂದು
ಅದೇ ಹಾಡು, ಒತ್ತು, ಎಂದರು.

ಹೆಬ್ಬೆರಳು ಇದಿನಬ್ಬನ ದಾರಿಯಲ್ಲಿ ಎರಡು ಹೆಜ್ಜೆ ನಡೆದು
ನಿಂತಿತು.
ಐತಪ್ಪನ ಮಣಿಕಟ್ಟು ತಿರುಗುತ್ತಿದ್ದಲ್ಲಿ
ಏನೂ ಇಲ್ಲ.
ತುಂಬಬಹುದಿತ್ತು, ಆರು ತಂತಿ ಉಂಟು.
ಮುಂಬಯಿಯಲ್ಲಿ ತುಂಬುವುದಕ್ಕೇ ಸಂಬಳ ಕೊಟ್ಟಿದ್ದರು.
ತುಂಬಲಿಲ್ಲ.

ಕೆಲಸಕ್ಕೆ ಸೇರಿದ ದಿನ ಲಾದ್ರಣ್ಣ ಹೇಳಿದ್ದು ನೆನಪಾಯಿತು:
ಕಾಜಾ ಅಂದರೆ ತೂತಲ್ಲ ಹೆಣ್ಣೇ,
ತೂತು ಕತ್ತರಿ ಮಾಡುತ್ತದೆ.
ಅದರ ಅಂಚಿಗೆ ನೀನು ಹೊಲಿಯುವುದುಂಟಲ್ಲ,
ಅದು.

ಕ್ಯಾಸೆಟ್ಟಿನ ಎ ಬದಿಗೆ 'ಮೂವರು' ಎಂದು ಬರೆದಿದ್ದೆ.
ಬಿ ಬದಿಗೂ ಅದನ್ನೇ ಬರೆದೆ.
ಮಾಸ್ಟ್ರು ಕನ್ನಡಕ ಏರಿಸಿ ಓದಿದರು, ತಿದ್ದಲಿಲ್ಲ.

ಈಗ ಹಾಕಿದರೆ ರಿಬ್ಬನು ಅಲ್ಲಲ್ಲಿ ನಡುಗುತ್ತದೆ.
ಕೊನೆಯ ಸುತ್ತಿನಲ್ಲಿ ಅವರು ಸಂಕದ ನಡುವೆಯೇ ನಿಂತುಬಿಡುತ್ತಾರೆ.
ತಂತಿಯ ಮೇಲೆ ಬೆರಳು ಸರಿದ ಕಿರ್ ಸದ್ದು.
ಆಮೇಲೆ ನನ್ನದೇ ಸಣ್ಣ ದನಿ: "ಆಯಿತಾ ಮಾಸ್ಟ್ರೇ?"
ಉತ್ತರವಿಲ್ಲ. ಟೇಪು ಇನ್ನಷ್ಟು ಹೊತ್ತು ಓಡುತ್ತದೆ.
ಥಾನಿನ ಆಚೆ, ಕೆಳಗೆ ರಸ್ತೆಯಲ್ಲಿ
ಯಾರೋ ಸೈಕಲ್ಲಿನ ಬೆಲ್ಲು ಬಾರಿಸುತ್ತಾರೆ.